ಕೆರೆಯ ಡಿಸ್ಕು

ಅವತ್ತು ಮಧ್ಯಾಹ್ನ ಅತ್ತೆ ಟೀವಿ ಹಾಕಿ ಕೂತವರು ಸ್ವಲ್ಪ ಹೊತ್ತಿಗೆಲ್ಲ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ನಾನು ಪಾತ್ರೆ ಉಜ್ಜುತ್ತಿದ್ದೆ.

"ಯಾಕೆ ಯಾರೂ ಮಾತಾಡ್ತಿಲ್ಲ?" ಎಂದು ಕೇಳಿದರು.

ಕೈ ಒರೆಸಿಕೊಂಡು ಹೋಗಿ ನೋಡಿದೆ. ಟೀವಿಯಲ್ಲಿ ನಾದಿನಿಯ ಮಗಳ ಮೊದಲ ಹುಟ್ಟುಹಬ್ಬ ನಡೆಯುತ್ತಿತ್ತು. ಎಲ್ಲರ ಬಾಯೂ ಒಂದೇ ಸಮನೆ ಆಡುತ್ತಿತ್ತು. ಆದರೆ ಚಿತ್ರದ ಕೆಳಗೆ, ಅಕ್ಷರ ಬರಬೇಕಾದ ಜಾಗದಲ್ಲಿ, ಮೇಜಿನ ಕಾಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅತ್ತೆಗೆ ಕಿವಿ ಕೇಳುವುದಿಲ್ಲ. ನಮ್ಮನೆಯವರು ಇನ್ನೂ ಅಂಬೆಗಾಲಿಡುತ್ತಿದ್ದಾಗ ಬಂದ ಒಂದು ಜ್ವರ ಎರಡೂ ಕಿವಿಯನ್ನು ತೆಗೆದುಕೊಂಡು ಹೋಯಿತಂತೆ. ಮಾತು ಉಳಿಯಿತು. ಆದರೆ ಎಷ್ಟು ಜೋರಾಗಿ ಆಡುತ್ತಿದ್ದೇನೆ ಎಂಬ ಅಂದಾಜು ಅವರಿಗೆ ಸಿಗುವುದಿಲ್ಲ; ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳುತ್ತದೆ. ನಾವು ಹೇಳಬೇಕಾದ್ದನ್ನು ಬರೆದು ತೋರಿಸುತ್ತೇವೆ. ಹಾಲಿನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಸ್ಲೇಟು ತೂಗುಹಾಕಿದ್ದೇವೆ. ಆದರೆ ಎಲ್ಲವನ್ನೂ ಬರೆಯುವ ತಾಳ್ಮೆ ಯಾರಿಗಿದೆ ಹೇಳಿ. "ಊಟಕ್ಕೆ ಬನ್ನಿ", "ಮಾತ್ರೆ ತಗೊಂಡ್ರಾ", "ಗ್ಯಾಸ್ ಆರಿಸಿ". ನಮ್ಮ ಮಾತೆಲ್ಲ ಇಷ್ಟರಲ್ಲೇ ಮುಗಿಯುತ್ತದೆ.

ತಾಳ್ಮೆ ಇದ್ದದ್ದು ಮಾವನಿಗೆ. ಅವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದರು. ಒಂದು ಕೊಂಬು, ಒಂದು ಒತ್ತು ತಪ್ಪಿದ್ದರೂ ಓಡುವ ಮಷೀನನ್ನು ನಿಲ್ಲಿಸುತ್ತಿದ್ದ ಮನುಷ್ಯ. ಡಿಸ್ಕುಗಳ ಕಾಲ ಬಂದಾಗ ಒಂದು ಕ್ಯಾಮೆರಾ ಕೊಂಡು ಮನೆಯಲ್ಲಿ ಏನೇ ನಡೆದರೂ ತೆಗೆದರು. ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ, ಯಾರು ಏನೆಂದರು ಎಂದು ಕೇಳಿ ಕೇಳಿ ಟೈಪ್ ಮಾಡಿ, ಸಿನಿಮಾದ ಡಿಸ್ಕುಗಳಲ್ಲಿ ಇರುತ್ತದಲ್ಲ, ಹಾಗೆ ಕೆಳಗೆ ಸಬ್‌ಟೈಟಲ್ ಕೂರಿಸಿ, ಆಮೇಲೆ ಡಿಸ್ಕಿಗೆ ಬರೆದರು. ಒಂದು ಗಂಟೆಯ ಡಿಸ್ಕಿಗೆ ವಾರಗಟ್ಟಲೆ ಕೂತದ್ದನ್ನು ನಾನೇ ಕಂಡಿದ್ದೇನೆ. ಹೋದ ವರ್ಷ ಅವರು ಹೋದ ಮೇಲೆ ಅತ್ತೆಗೆ ಉಳಿದದ್ದು ಅದೊಂದೇ. ದಿನಾ ಊಟವಾದ ಮೇಲೆ ಒಂದು ಡಿಸ್ಕು ಹಾಕಿಕೊಂಡು, ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಟೀವಿಯ ಧ್ವನಿ ಪೂರ್ತಿ ಬಂದ್ ಮಾಡಿ, ಓದುತ್ತಾ ಕೂರುತ್ತಿದ್ದರು. ನಮ್ಮದು ಅದಕ್ಕೆ ತಲೆಕೆಳಗು. ನಾವು ನೋಡುವಾಗ ಧ್ವನಿ ಇರುತ್ತಿತ್ತು, ಅಕ್ಷರ ಬಂದ್. ಮುಖಗಳಿಗೆ ಅಡ್ಡ ಬರುತ್ತದೆ ಎಂದು. ಇಷ್ಟು ವರ್ಷ ಈ ಮನೆಯಲ್ಲಿ ಧ್ವನಿ ಮತ್ತು ಅಕ್ಷರ ಎರಡನ್ನೂ ಒಟ್ಟಿಗೆ ಹಾಕಿಕೊಂಡು ನೋಡಿದವರು ಒಬ್ಬರೂ ಇರಲಿಲ್ಲ.

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಜಗತ್ತನ್ನೇ ಬಿಚ್ಚಿ ಜೋಡಿಸುತ್ತೇನೆ ಎನ್ನುವ ಪೈಕಿ. ಡಿಸ್ಕುಗಳು ಮಂಕಾಗುತ್ತಿವೆ, ಪ್ಲೇಯರಿನ ತಟ್ಟೆ ಸಿಕ್ಕಿಹಾಕಿಕೊಳ್ಳುತ್ತಿದೆ, ಎಲ್ಲವನ್ನೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಬಿಡುತ್ತೇನೆ ಎಂದು ಹೊರಟರು. ಒಂದು ತಿಂಗಳು ಸಂಜೆ ಕೆಲಸದಿಂದ ಬಂದವರೇ ಹೆಡ್‌ಫೋನ್ ಹಾಕಿಕೊಂಡು ಕೂತದ್ದೇ ಕೂತದ್ದು. ಒಂದೊಂದು ಡಿಸ್ಕನ್ನೂ ನಕಲು ಮಾಡಿ, ಫೈಲು ಚಿಕ್ಕದು ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, "ನೋಡಿಲ್ಲಿ, ಕೂದಲು ಕೂದಲು ಕಾಣ್ತಿದೆ" ಎಂದು ನನ್ನನ್ನು ಎಳೆದು ತೋರಿಸುತ್ತಿದ್ದರು. ನಾನು ಇಡೀ ದಿನ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಗಾಜಿನಾಚೆಯವರೊಡನೆ ಗಂಟಲು ಹರಿದುಕೊಂಡು ಬಂದಿರುತ್ತೇನೆ. ಕೂದಲು ಕಂಡರೂ ಹೂಂ, ಕಾಣದಿದ್ದರೂ ಹೂಂ.

ಹಾಲಿನ ಸ್ಲೇಟಿನ ಮೇಲೆ "ಸ್ವಲ್ಪ ಇರಿ" ಎಂದು ಬರೆದು ನಾನು ನಮ್ಮನೆಯವರನ್ನು ಕೂಗಿದೆ. ಅವರು ರೂಮಿನಲ್ಲಿ ಡಿಸ್ಕುಗಳಿದ್ದ ಕಪಾಟಿನ ಹಲಗೆ ಬಿಗಿಮಾಡುತ್ತಿದ್ದರು. ಬಂದು ರಿಮೋಟ್ ತೆಗೆದುಕೊಂಡು ಒತ್ತಿದರು. ಅಕ್ಷರ ಬರಲಿಲ್ಲ. ಬೇರೆ ಫೈಲು ಹಾಕಿದರು. ಅದರಲ್ಲೂ ಇಲ್ಲ. ಇನ್ನೊಂದರಲ್ಲೂ ಇಲ್ಲ. ಅವರ ಮುಖದ ಬಣ್ಣ ನೋಡನೋಡುತ್ತಲೇ ಇಳಿಯಿತು.

ಕಂಪ್ಯೂಟರಿನ ಮುಂದೆ ಕೂತು ತಡಕಾಡಿದ ಮೇಲೆ ವಿಷಯ ಗೊತ್ತಾಯಿತು. ಸಬ್‌ಟೈಟಲ್ ಎಷ್ಟು ಬೇಕು ಎಂದು ಸಾಫ್ಟ್‌ವೇರ್ ಕೇಳುತ್ತದಂತೆ. ಅಲ್ಲಿ ಇವರು ಮೊದಲ ದಿನವೇ "ಬೇರೆ ಭಾಷೆಯ ಮಾತು ಬಂದಾಗ ಮಾತ್ರ" ಎಂಬುದಕ್ಕೆ ಗುರುತು ಹಾಕಿ, ಆಮೇಲೆ ಆ ಕಡೆ ತಲೆಯನ್ನೇ ಹಾಕಿರಲಿಲ್ಲ. ನಮ್ಮ ಭಾಷೆಯ ಮಾತಿಗೆ ಅಕ್ಷರ ಯಾಕೆ ಎಂದು ಅವರ ಕಿವಿ ತೀರ್ಮಾನ ಮಾಡಿತ್ತು. ಹೆತ್ತ ತಾಯಿಗೆ ಎಲ್ಲರ ಮಾತೂ ಬೇರೆ ಭಾಷೆಯೇ ಎಂಬುದು ಹೊಳೆಯಲೇ ಇಲ್ಲ. ಕೂದಲು ಕೂದಲು ಲೆಕ್ಕ ಹಾಕಿದವರು ಇದನ್ನು ಒಂದೇ ಒಂದು ಸಲ ನೋಡಲಿಲ್ಲ.

ಹೋಗಲಿ, ಡಿಸ್ಕುಗಳಿವೆಯಲ್ಲ, ಇನ್ನೊಂದು ತಿಂಗಳು ಕೂತು ಮತ್ತೆ ಇಳಿಸಿ ಎಂದೆ. ಅವರು ಖಾಲಿ ಕಪಾಟಿನ ಕಡೆ ನೋಡಿದರು. ನಾನೂ ನೋಡಿದೆ.

"ಬೆಳಗ್ಗೆ ಗುಜರಿಯವನಿಗೆ ಕೊಟ್ಟೆ," ಎಂದರು. "ನೀನು ತರಕಾರಿಗೆ ಹೋಗಿದ್ದಾಗ."

ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ನಾನು ಏನೇನೆಂದೆ ಎಂದು ಇಲ್ಲಿ ಬರೆಯುವುದು ಬೇಡ. ಅತ್ತೆ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದರು. ಸ್ಲೇಟಿನ ಮೇಲೆ ಬರೆಯಲು ಸೀಮೆಸುಣ್ಣ ಎತ್ತಿದರೆ ಏನು ಬರೆಯಲಿ? ನಿಮ್ಮ ಮಗ ಮಾವನ ಬಾಯಿ ಮುಚ್ಚಿಸಿಬಿಟ್ಟಿದ್ದಾನೆ ಎಂದು ಬರೆಯಲೇ? "ಈಗ ಬಂದೆವು" ಎಂದಷ್ಟೇ ಬರೆದು, ಚಪ್ಪಲಿ ಮೆಟ್ಟಿಕೊಂಡು ಸ್ಕೂಟರಿನ ಹಿಂದೆ ಕೂತೆ.

ಗುಜರಿ ಗಾಡಿಯವನು ಮೂಲೆಯ ಟೀ ಅಂಗಡಿಯ ಹತ್ತಿರ ಸಿಕ್ಕಿದ. ಅವನ ಗಾಡಿ ಖಾಲಿಯಾಗಿತ್ತು. ಎಲ್ಲವನ್ನೂ ರೈಲು ಹಳಿಯಾಚೆಯ ದೊಡ್ಡ ಗೋದಾಮಿಗೆ ಹಾಕಿ ಬಂದೆ, ಪ್ಲಾಸ್ಟಿಕ್ಕನ್ನು ಅಲ್ಲಿ ಅವತ್ತವತ್ತೇ ಪುಡಿ ಮಾಡುತ್ತಾರೆ, ಬೇಗ ಹೋಗಿ ಎಂದ. ಹಳಿಯ ಹತ್ತಿರ ಗೇಟು ಬಿದ್ದಿತ್ತು. ಗೂಡ್ಸ್ ರೈಲು. ಒಂದೊಂದು ಡಬ್ಬಿಯೂ ನಮ್ಮ ಹೊಟ್ಟೆ ಉರಿಸಲೆಂದೇ ನಿಧಾನವಾಗಿ ಹೋಗುತ್ತಿತ್ತು. ನಾನು ಹಿಂದೆ ಕೂತು ಅವರ ಬೆನ್ನಿಗೆ ಬೈಯುತ್ತಿದ್ದೆ.

ಗೋದಾಮಿನ ಒಡತಿ ಗಟ್ಟಿಮುಟ್ಟಾದ ಹೆಂಗಸು. ಡಿಸ್ಕಾ, ಅದು ಹಿಂದುಗಡೆ ಮಷೀನಿಗೆ ಹೋಗಿಯಾಯಿತು ಎಂದು ತಲೆಯೆತ್ತದೆ ಹೇಳಿದಳು. ಹಿಂದುಗಡೆಯಿಂದ ಕಲ್ಲು ಅಗಿಯುವಂಥ ಸದ್ದು ಬರುತ್ತಿತ್ತು. ನಾನು ಅವಳ ಅಪ್ಪಣೆಗೆ ಕಾಯಲಿಲ್ಲ, ಓಡಿದೆ. ಒಬ್ಬ ಆಳು ಸಲಿಕೆಯಲ್ಲಿ ರಾಶಿಯಿಂದ ಡಿಸ್ಕುಗಳನ್ನು ಬಾಚಿ ಮಷೀನಿನ ಬಾಯಿಗೆ ಸುರಿಯುತ್ತಿದ್ದ. ಟಿಕೆಟ್ ಕೌಂಟರಿನಲ್ಲಿ ಗಾಜು ಒಡೆದುಹೋಗುವ ಹಾಗೆ ಕೂಗುವ ನನ್ನ ಗಂಟಲು ಅವತ್ತು ಉಪಯೋಗಕ್ಕೆ ಬಂತು. ಅವನು ಸಲಿಕೆಯನ್ನು ಹಾಗೇ ಹಿಡಿದು ನಿಂತ. ಹಿಂದಿನಿಂದ ಬಂದ ಒಡತಿ ಸ್ವಿಚ್ಚು ಆರಿಸಿದಳು. ಏನಮ್ಮಾ ಅಂಥ ಸಿನಿಮಾ ಎಂದು ಕೇಳಿದಳು. ನಮ್ಮತ್ತೆಯವರ ಗಂಡ ಅದರಲ್ಲಿದ್ದಾರೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವಳಿಗೆ ಏನು ಅರ್ಥವಾಯಿತೋ, ಒಂದು ಗೋಣಿ ತಂದು ನನ್ನ ಮುಂದೆ ಹಾಕಿ, ಹುಡುಕಿಕೊಳ್ಳಿ, ಮಾಲು ಸಾಗಿಸುವ ಗಾಡಿ ಬರುವುದರೊಳಗೆ ಮುಗಿಸಿ ಎಂದಳು.

ನಮ್ಮನೆಗೆ ಅಂಗಡಿಯಿಂದ ಕೊಂಡಿದ್ದ ಸಿನಿಮಾ ಡಿಸ್ಕುಗಳ ಮೂಟೆ ಆಗಲೇ ಪುಡಿಯಾಗಿತ್ತು. ಅದು ಹೋದರೆ ಹೋಗಲಿ. ಮಾವನವು ಅಡಿಯಲ್ಲಿದ್ದವು, ಯಾರ್ಯಾರದೋ ಮದುವೆ, ಯಾರ್ಯಾರದೋ ಪಾಠ, ಯಾರದೋ ಎಕ್ಸ್‌ರೇ ಡಿಸ್ಕುಗಳ ಜೊತೆ ಕಲೆತು. ಅವುಗಳ ಮೇಲೆ ಮಾವ ನೀಲಿ ಮಾರ್ಕರಿನಲ್ಲಿ ಬರೆದ ದುಂಡು ಅಕ್ಷರ ಇತ್ತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಆರಿಸಿದೆವು. ನನ್ನ ಬೆರಳು ಎರಡು ಕಡೆ ಕೊಯ್ದಿತು. ಗೋಣಿ ತುಂಬುತ್ತಾ ಬಂತು. ಆಗ ಇವರು ಒಂದು ಡಿಸ್ಕು ಎತ್ತಿ, ಮೇಲಿನ ಬರಹ ಓದಿ, ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಅದನ್ನು ರಾಶಿಯೊಳಗೆ ತೂರಿಸಿದ್ದು ಕಣ್ಣಿಗೆ ಬಿತ್ತು.

ಏನದು ಎಂದೆ. ಬಿರುಕು ಬಿಟ್ಟಿದೆ, ಕೆಲಸಕ್ಕೆ ಬಾರದು, ಬಿಡು ಎಂದರು. ನಾನು ಕೈ ಹಾಕಿ ಎಳೆದೆ. ಅಂಚಿನಿಂದ ಒಳಕ್ಕೆ ಎರಡು ಬೆರಳಷ್ಟು ಬಿರುಕು ಇತ್ತು, ನಿಜ. ಮೇಲೆ "ಕೆರೆ, ಶಾಲೆಯ ಪ್ರವಾಸ" ಎಂದಿತ್ತು. ಬಿರುಕು ಬಿಟ್ಟ ಬೇರೆ ಡಿಸ್ಕುಗಳನ್ನೂ ಇವರೇ ಗೋಣಿಗೆ ಹಾಕಿದ್ದರಲ್ಲ, ಇದನ್ನು ಮಾತ್ರ ಯಾಕೆ ಬಚ್ಚಿಟ್ಟರು? ಅಲ್ಲಿ ಕೇಳುವ ಜಾಗವಲ್ಲ. ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡೆ.

ಮನೆಗೆ ಬಂದಾಗ ಅತ್ತೆ ಗೇಟಿನಲ್ಲೇ ನಿಂತಿದ್ದರು. ಗೋಣಿಯನ್ನು ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು. ಮಗನನ್ನು ಬೈಯಲಿಲ್ಲ. "ಕೆರೆ ಡಿಸ್ಕು ಸಿಕ್ತಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು. ನಾನು ತಲೆಯಾಡಿಸಿದೆ. ಇವರು ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಡಿಸ್ಕುಗಳನ್ನು ಮೆತ್ತನೆಯ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು ಎಂದು ಇವರು ನನಗೆ ಕಲಿಸಿದರು. ನಾನು ಒರೆಸಿ ಕೊಟ್ಟೆ, ಅವರು ಹಾಕಿದರು. ಈ ಸಲ ಚಿತ್ರವನ್ನು ಮುಟ್ಟಬೇಕಾಗಿರಲಿಲ್ಲ, ಅದು ಹಾರ್ಡ್ ಡಿಸ್ಕಿನಲ್ಲಿ ಇತ್ತು; ಅಕ್ಷರ ಮಾತ್ರ ಎತ್ತಿ ತಂದು ಅದಕ್ಕೆ ಜೋಡಿಸಬೇಕು. ಅದರಲ್ಲೂ ಒಂದು ತಕರಾರು. ಡಿಸ್ಕಿನಲ್ಲಿರುವ ಸಬ್‌ಟೈಟಲ್ ನಿಜವಾಗಿ ಅಕ್ಷರವಲ್ಲವಂತೆ, ಅಕ್ಷರದ ಚಿತ್ರವಂತೆ. ಕಂಪ್ಯೂಟರು ಆ ಚಿತ್ರ ನೋಡಿ ಯಾವ ಅಕ್ಷರ ಎಂದು ಊಹಿಸಿ ಬರೆದುಕೊಳ್ಳುತ್ತದೆ. ಮಾವನ ಕಾಲದ ಅಕ್ಷರದ ಅಚ್ಚು ಅದಕ್ಕೆ ಸರಿಯಾಗಿ ಓದಲು ಬರುತ್ತಿರಲಿಲ್ಲ. "ಮಾವ" ಎಂದಿದ್ದದ್ದನ್ನು "ವಾವ" ಎನ್ನುತ್ತಿತ್ತು. ಹಾಗಾಗಿ ಯಾರಾದರೂ ಕೂತು, ಧ್ವನಿ ಕೇಳುತ್ತಾ ಅಕ್ಷರ ತಿದ್ದಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಹಾಕಿದ್ದು ಹುಟ್ಟುಹಬ್ಬದ ಡಿಸ್ಕು. ಚೆನ್ನಾಗಿಯೇ ಹೋಗುತ್ತಿತ್ತು. ಯಾರು ಕೆಮ್ಮಿದರೂ ಮಾವ "ಕೆಮ್ಮು" ಎಂದು ಬರೆದಿದ್ದರು. ಆಮೇಲೆ ಇವರ ದೊಡ್ಡಮ್ಮ ಕ್ಯಾಮೆರಾ ಕಡೆ ತಿರುಗಿ, ಅತ್ತೆಯನ್ನು ತೋರಿಸಿ, ಒಂದು ಮಾತಂದರು. ಕಿವಿಗೆ ಬಿದ್ದದ್ದು: "ಇವಳಿಗೆ ಹತ್ತು ಸಲ ಹೇಳಬೇಕು, ಸಾಕಾಗಿ ಹೋಯ್ತು." ಕೆಳಗೆ ಇದ್ದದ್ದು: "ಇವಳು ಹತ್ತು ಜನರ ಕೆಲಸ ಮಾಡ್ತಾಳೆ, ಸಾಕಾಗಿ ಹೋಗಿರುತ್ತೆ."

ಕಂಪ್ಯೂಟರು ತಪ್ಪು ಓದಿದೆ ಎಂದುಕೊಂಡೆ. ಮೂಲ ಚಿತ್ರ ತೆರೆದು ನೋಡಿದೆ. ಅಲ್ಲೂ ಹಾಗೇ ಇತ್ತು. ಅಕ್ಷರಗಳು ಹಿಂದೆ ಮುಂದೆ ಜಾರಿರಬಹುದು ಎಂದು ಅತ್ತಿತ್ತ ನೋಡಿದೆ. ಜಾರಿರಲಿಲ್ಲ. ಮುಂದೆ ಒಬ್ಬ ಚಿಕ್ಕಪ್ಪ ಕಿವುಡರ ಮೇಲೆ ಒಂದು ಹಾಳು ಜೋಕು ಹೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೆಳಗೆ ಅದೇ ಚಿಕ್ಕಪ್ಪ ತನ್ನ ಬೋಳುತಲೆಯ ಮೇಲೆ ಜೋಕು ಹೇಳುತ್ತಿದ್ದ. ಇವರನ್ನು ಕರೆದೆ. ಇಬ್ಬರೂ ಇನ್ನೆರಡು ಡಿಸ್ಕು ನೋಡಿದೆವು. ಬೇರೆಲ್ಲ ಕಡೆ ಒಂದು ಒತ್ತಕ್ಷರ ಬಿಡದೆ ಆಡಿದ್ದನ್ನು ಆಡಿದ ಹಾಗೇ ಬರೆದಿದ್ದರು. ಅತ್ತೆಯ ವಿಷಯ ಬಂದ ಕಡೆ ಮಾತ್ರ ಬದಲಾಗಿತ್ತು, ಅದೂ ಬಾಯಿಯ ಆಟಕ್ಕೆ ಆದಷ್ಟು ಹೊಂದುವ ಹಾಗೆ, ಆಡಿದವರ ಧಾಟಿಯಲ್ಲೇ. ನನಗೆ ಮಾವನ ಮೇಲೆ ಪ್ರೀತಿ ಉಕ್ಕಿ ಬಂತು. ದೊಡ್ಡಮ್ಮ ಎದುರಿಗಿದ್ದಿದ್ದರೆ ಅವತ್ತು ಅವರ ಗ್ರಹಚಾರ ನೆಟ್ಟಗಿರುತ್ತಿರಲಿಲ್ಲ.

ಇವರು ಮಾತ್ರ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟರು. ಕೆರೆಯದರಲ್ಲೂ ಬದಲಾಯಿಸಿರುತ್ತಾರೆ ಅಂತೀಯಾ ಎಂದು ಕೇಳಿದರು. ಏನಿದೆ ಅದರಲ್ಲಿ ಎಂದು ಗದರಿಸಿದ ಮೇಲೆ ಬಾಯಿ ಬಿಟ್ಟರು.

ಶಾಲೆಯ ಕೊನೆಯ ವರ್ಷದ ಪ್ರವಾಸವಂತೆ. ಅಪ್ಪ ಅಮ್ಮಂದಿರೂ ಬರಬಹುದಿತ್ತು. ಕೆರೆಯ ದಡದಲ್ಲಿ ಎಲ್ಲರೂ ದೋಣಿ ಹತ್ತುತ್ತಿದ್ದಾಗ ಮಾವ ಕ್ಯಾಮೆರಾ ಹಿಡಿದು, ಅಮ್ಮನನ್ನೂ ಕರಿ ಎಂದಿದ್ದರು. ಇವರ ಗೆಳೆಯರೆಲ್ಲ ಪಕ್ಕದಲ್ಲಿದ್ದರು. ಇವರು ಕ್ಯಾಮೆರಾವನ್ನೇ ನೋಡಿ ಒಂದು ಮಾತಾಡಿದ್ದರು. ಅದನ್ನು ಮರೆತೂ ಹೋಗಿದ್ದರು. ಹೋದ ವಾರ ಹೆಡ್‌ಫೋನ್ ಹಾಕಿಕೊಂಡು ಧ್ವನಿ ಪರೀಕ್ಷೆ ಮಾಡುವಾಗ ತನ್ನದೇ ಧ್ವನಿ ಕಿವಿಯೊಳಗೆ ಬಂತಂತೆ.

"ಅಪ್ಪ ಒಂದಕ್ಷರ ಬಿಡದೆ ಬರೆಯೋ ಮನುಷ್ಯ ಅಲ್ವಾ," ಎಂದರು. "ಇಷ್ಟು ವರ್ಷ ಅಮ್ಮ ಅದನ್ನ ಓದ್ಕೊಂಡೇ ನನಗೆ ಅನ್ನ ಬಡಿಸಿದ್ದಾಳೆ ಅಂದ್ಕೊಂಡೆ."

ಆ ಡಿಸ್ಕು ಮಷೀನಿಗೆ ಹೋದರೆ ಸಾಕು ಎಂದು ಗೋದಾಮಿನಲ್ಲಿ ಅನ್ನಿಸಿದ್ದು ಅದಕ್ಕೇ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಏಳಿ, ಮಾವ ಏನು ಬರೆದಿದ್ದಾರೋ ನೋಡೋಣ ಎಂದೆ.

ಬಿರುಕು ಬಿಟ್ಟ ಡಿಸ್ಕು ಜೋರಾಗಿ ತಿರುಗಿದರೆ ಡ್ರೈವಿನೊಳಗೇ ಚೂರಾಗಬಹುದು. ವೇಗವನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ ಹಾಕಿದರು. ಡಿಸ್ಕಿನಲ್ಲಿ ಬರಹ ನಡುವಿನಿಂದ ಶುರುವಾಗಿ ಅಂಚಿನ ಕಡೆ ಹೋಗುತ್ತದೆ. ಬಿರುಕು ಇರುವುದು ಅಂಚಿನಲ್ಲಿ. ಬಸ್ಸು ಹತ್ತಿದ್ದು, ದಾರಿಯ ಹಾಡು, ಊಟದ ಬುತ್ತಿ, ಎಲ್ಲ ಅಕ್ಷರವೂ ಒಂದೊಂದಾಗಿ ಬಂತು. ಕೆರೆ ಬಂತು. ಡ್ರೈವು ಗೊರ ಗೊರ ಎಂದಿತು. "ಎಲ್ಲರೂ ದೋಣಿ ಹತ್ತಿರ ಬನ್ನಿ" ಎಂಬ ಮೇಷ್ಟರ ಸಾಲು ಬಂತು. ಅಲ್ಲಿಗೆ ನಿಂತಿತು. ಇವರು ಕೈ ಮುಗಿಯುವ ಹಾಗೆ ಎರಡೂ ಅಂಗೈ ಒತ್ತಿಕೊಂಡು ಕೂತಿದ್ದರು. ಮತ್ತೆ ಓದಿಸಿದರು. ಮೂರನೆಯ ಸಲಕ್ಕೆ ಒಳಗೆ ಪಟ್ಟೆಂದು ಸದ್ದಾಯಿತು. ತಟ್ಟೆ ತೆರೆದರೆ ಡಿಸ್ಕು ಎರಡು ಹೋಳಾಗಿತ್ತು.

ಅಲ್ಲಿಂದ ಮುಂದಿನ ಚಿತ್ರ ನಮ್ಮಲ್ಲಿತ್ತು, ಧ್ವನಿಯೂ ಇತ್ತು. ಮಾವನ ಮಾತು ಮಾತ್ರ ಇರಲಿಲ್ಲ. ಇವರು ಆ ಭಾಗವನ್ನೇ ಕತ್ತರಿಸಿಬಿಡುತ್ತೇನೆ, ಡಿಸ್ಕು ಅಷ್ಟೇ ಇದ್ದದ್ದು ಎಂದು ಹೇಳೋಣ ಎಂದರು. ನಿಮ್ಮಮ್ಮ ಅದನ್ನು ಎಷ್ಟು ಸಲ ನೋಡಿದ್ದಾರೆ ಗೊತ್ತಾ, ಅವರ ಕಣ್ಣಿಗೆ ಮಣ್ಣೆರಚಲು ಆಗುತ್ತದಾ ಎಂದೆ. ಹಾಗಾದರೆ ನಾನೇ ಏನಾದರೂ ಬರೆಯುತ್ತೇನೆ ಎಂದು ಕೂತರು. "ಅಮ್ಮನೂ ಬರಲಿ" ಎಂದು ಟೈಪ್ ಮಾಡಿದರು. ಚಿತ್ರ ಓಡಿಸಿದರೆ ಎಲ್ಲರೂ ದೋಣಿಯಲ್ಲಿ ಹೋಗುತ್ತಾರೆ, ಅಮ್ಮ ಒಬ್ಬರೇ ದಡದ ಬೆಂಚಿನ ಮೇಲೆ ಉಳಿಯುತ್ತಾರೆ. ಅಳಿಸಿದರು. ಮತ್ತೊಂದು ಬರೆದರು, ಅದನ್ನೂ ಅಳಿಸಿದರು. ಆಡಿದ್ದನ್ನೇ ಬರೆದರೆ ಅತ್ತೆ ಅದನ್ನು ಮೊದಲ ಸಲ ಓದುತ್ತಾರೆ. ಬರೆಯದಿದ್ದರೆ ಮಾವನ ಮಾತು ಇಲ್ಲವಾಗುತ್ತದೆ. ಸುಳ್ಳು ಬರೆಯಲು ಮಾವನ ಕೈ ಬೇಕು, ಅದು ನಮ್ಮಿಬ್ಬರಿಗೂ ಇಲ್ಲ.

ಹಿಂದೆ ಚಪ್ಪಲಿಯ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೇಜಿನ ಮೇಲಿದ್ದ ಎರಡು ಹೋಳು ಎತ್ತಿಕೊಂಡು, ಒಂದಕ್ಕೊಂದು ಜೋಡಿಸಿ ನೋಡಿ, ಕೆಳಗಿಟ್ಟರು. ಸ್ಟೂಲು ಎಳೆದು ಮಗನ ಪಕ್ಕದಲ್ಲಿ ಕೂತರು. ಹಾಕು ಎಂದು ಕೈಯಲ್ಲೇ ಸನ್ನೆ ಮಾಡಿದರು. ಇವರು ಅಲುಗಾಡಲಿಲ್ಲ. ಅತ್ತೆಯೇ ಕೈ ಚಾಚಿ ಗುಂಡಿ ಒತ್ತಿದರು.

ಹೆಡ್‌ಫೋನ್ ಬಿಚ್ಚಿಟ್ಟಿತ್ತು, ಧ್ವನಿ ರೂಮಿಗೆಲ್ಲ ಬಂತು. ಮೀಸೆ ಆಗ ತಾನೇ ಚಿಗುರುತ್ತಿದ್ದ ನನ್ನ ಗಂಡ ಕ್ಯಾಮೆರಾದೊಳಗೆ ನೋಡಿ, "ಅಮ್ಮ ಬೇಡ ಅಪ್ಪ. ಎಲ್ಲರೆದುರು ಕಿರುಚಿ ಮಾತಾಡ್ತಾಳೆ, ನನಗೆ ಮಾನ ಹೋಗುತ್ತೆ. ಅವಳು ಇಲ್ಲೇ ಬಿದ್ದಿರಲಿ, ಅವಳಿಗೇನು ಕೇಳುತ್ತಾ," ಎಂದ. ಗೆಳೆಯರು ನಕ್ಕರು. ಆಮೇಲೆ ಚಿತ್ರ ಸ್ವಲ್ಪ ಅಲುಗಾಡಿತು. ಕೆಳಗೆ ಜಾಗ ಖಾಲಿ ಇತ್ತು. ನಾನು ನೆಲ ನೋಡಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು.

"ಹಿಂದಕ್ಕೆ ಹಾಕು," ಎಂದರು ಅತ್ತೆ. ಇವರು ಹಾಕಿದರು. "ಬರಿ. ನಾನು ಹೇಳ್ತೀನಿ."

ತೆರೆಯ ಮೇಲಿನ ಹುಡುಗನ ಬಾಯಿ ತೆರೆದು ನಿಂತಿತ್ತು. ಅತ್ತೆ ಅದನ್ನೇ ನೋಡುತ್ತಾ, ಓದುವ ಧಾಟಿಯಲ್ಲಿ, ಒಂದು ಸಲವೂ ತಡವರಿಸದೆ ಹೇಳಿದರು: "ಅಮ್ಮ ಬೇಡ ಅಪ್ಪ. ಅವಳಿಗೆ ದೋಣಿ ಅಂದ್ರೆ ಜೀವ ಹೋಗುತ್ತೆ. ಅವಳು ಇಲ್ಲೇ ನೆರಳಲ್ಲಿ ಕೂತಿರಲಿ, ನಾನು ಬೇಗ ಬರ್ತೀನಿ."

ಇವರು ಟೈಪ್ ಮಾಡಿದರು. ಮುಗಿಸಿ ಅಮ್ಮನ ಕಡೆ ತಿರುಗಿದರು. ಸ್ಲೇಟು ಹಾಲಿನಲ್ಲಿತ್ತು. ತುಟಿಯಲ್ಲೇ ಕೇಳಿದರು: "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದರು ಅತ್ತೆ.

ಅಂಗಡಿಯಿಂದ ತಂದ ಸಿನಿಮಾಗಳಲ್ಲಿ ಬಾಯಿಗೂ ಅಕ್ಷರಕ್ಕೂ ಹೊಂದಿಕೆಯಾಗುತ್ತದೆಯಂತೆ. ನೋಡುತ್ತಾ ನೋಡುತ್ತಾ ತುಟಿ ಓದುವುದು ತಾನಾಗಿ ಬಂತಂತೆ. ಮಾವನ ಡಿಸ್ಕುಗಳಲ್ಲಿ ಮಾತ್ರ ಅಲ್ಲಲ್ಲಿ ಹೊಂದುತ್ತಿರಲಿಲ್ಲವಂತೆ. ಮೊದಮೊದಲು ತಲೆ ಕೆಡಿಸಿಕೊಂಡು, ಆಮೇಲೆ ಅರ್ಥವಾಯಿತಂತೆ. ಇಷ್ಟು ವರ್ಷ ಈ ಮಹಾತಾಯಿಯ ಎದುರೇ ನಾನು ಏನೇನು ಗೊಣಗಿದ್ದೇನೆ ಎಂಬುದೆಲ್ಲ ಒಟ್ಟಿಗೆ ನೆನಪಾಗಿ ನನಗೆ ಬೆವರು ಕಿತ್ತುಕೊಂಡು ಬಂತು. ಗೊತ್ತಿದೆ ಎಂದು ಮಾವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಅವರೆದುರು ನಿಂತು, ತುಟಿ ಕಾಣುವ ಹಾಗೆ.

"ಹೇಳಿದ್ರೆ ಬರೆಯೋದು ನಿಲ್ಲಿಸ್ಬಿಡ್ತಿದ್ರು. ಅವರು ನನ್ನ ಹತ್ರ ಮಾತಾಡ್ತಿದ್ದದ್ದೇ ಅಲ್ಲಿ ಕಣಮ್ಮಾ."

ಇನ್ನೊಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅತ್ತೆಗೆ ದೋಣಿ ಭಯ ಎಂಬುದು ನಮ್ಮ ಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ನಾನು ಈ ಮನೆಗೆ ಬಂದ ಮೇಲೆ ನೀರಿರುವ ಎಷ್ಟೋ ಕಡೆ ಹೋಗಿದ್ದೇವೆ. ನಾವೆಲ್ಲ ದೋಣಿಯಲ್ಲಿ ಕಿಲಕಿಲ ಎನ್ನುತ್ತಿದ್ದರೆ ಅವರು ನಮ್ಮ ಚಪ್ಪಲಿ, ಚೀಲ ಕಾಯುತ್ತಾ ದಡದಲ್ಲಿ ಉಳಿಯುತ್ತಿದ್ದರು. ಮಾವನೂ ಅವರ ಜೊತೆ ಉಳಿಯುತ್ತಿದ್ದರು. ದೋಣಿ ಭಯವಾದರೂ ನಿಜ ತಾನೇ ಎಂದು ಕೇಳಿಯೇಬಿಟ್ಟೆ.

ಅತ್ತೆ ನಕ್ಕರು. ನನ್ನ ತವರು ಇದ್ದದ್ದು ಹೊಳೆಯಾಚೆ ಎಂದರು. ದಿನಾ ದೋಣಿಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರಂತೆ, ಅಂಬಿಗ ಬರದ ದಿನ ತಾವೇ ಹುಟ್ಟು ಹಾಕುತ್ತಿದ್ದರಂತೆ. ಮಾವನಿಗೂ ಅದು ಗೊತ್ತಿತ್ತಂತೆ.

"ಮತ್ತೆ ಯಾಕಮ್ಮಾ ಒಂದು ಸಲಾನೂ ಹತ್ತಲಿಲ್ಲ?" ಎಂದು ಇವರು ಕೇಳಿದರು.

ಅತ್ತೆ ಮಗನ ತುಟಿಯನ್ನು ಕೊನೆಯವರೆಗೂ ನೋಡಿದರು. ಆಮೇಲೆ, ಅವರಿಗೆ ಎಷ್ಟು ಮೆಲ್ಲಗೆ ಆಗುತ್ತದೋ ಅಷ್ಟು ಮೆಲ್ಲಗೆ, ಅಂದರೆ ಪಕ್ಕದ ಮನೆಗೆ ಕೇಳುವ ಹಾಗೆ, ಹೇಳಿದರು:

"ಹತ್ತಿದ್ರೆ ಅವರು ಬರೆದದ್ದು ಸುಳ್ಳಾಗಿಬಿಡ್ತಿತ್ತಲ್ಲ, ಮಗಾ. ಆಮೇಲೆ ನೀನು ಆಡಿದ್ದೇ ಉಳೀತಿತ್ತು."

ಇವರು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿಕೊಂಡರು. ಅತ್ತೆ ಒಂದು ಕೈಯನ್ನು ಅವರ ತಲೆಯ ಮೇಲಿಟ್ಟು, ಇನ್ನೊಂದರಲ್ಲಿ ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ತೆರೆ ನೋಡುತ್ತಾ ಮುಂದಿನ ಸಾಲು ಹೇಳಿದರು, ನಾನು ಬರೆದುಕೊಂಡೆ.